ಮಾವುತನ ಮಗ

ನಮ್ಮ ಸೀಮೆಯಲ್ಲಿ ಅಪರಿಚಿತನಾದ ಹುಡುಗನೊಬ್ಬ ಎದುರಾದರೆ ಹಿರಿಯರು ಮೊದಲು ಕೇಳುವುದು ಅವನ ಹೆಸರನ್ನಲ್ಲ; ಅವನು ಯಾರ ಮಗನೆಂಬುದನ್ನು. ಪಿರಿಯಾಪಟ್ಟಣದ ಸಂತೆಯಲ್ಲಿ ಈ ಪ್ರಶ್ನೆಯನ್ನು ಹುಡುಗನಾಗಿ ನಾನು ಕೇಳಿಸಿಕೊಂಡಿದ್ದೇನೆ. ಬೆಳೆದು ಉಪಾಧ್ಯಾಯನಾದ ಮೇಲೆ ನಾನೂ ಕೇಳಿದ್ದೇನೆ. ತಂದೆಯ ಹೆಸರು ತಿಳಿದರೆ ಮನೆತನ ತಿಳಿಯಿತು, ಕುಲ ತಿಳಿಯಿತು, ಹೊಲವೆಷ್ಟು ಸಾಲವೆಷ್ಟು ಎಂಬುದೂ ಹೆಚ್ಚು ಕಡಮೆ ತಿಳಿಯಿತು; ಇನ್ನು ಹುಡುಗನನ್ನು ನೋಡುವ ಅಗತ್ಯವೇ ಇಲ್ಲವೆಂಬಂತೆ ಮಾತು ಅಲ್ಲಿಗೆ ಮುಗಿಯುತ್ತದೆ. ಇದು ಹಳ್ಳಿಗಾಡಿನ ಅಭ್ಯಾಸ, ಓದುಬರಹ ಹೆಚ್ಚಿದಂತೆಲ್ಲ ತಾನಾಗಿ ಅಳಿದುಹೋಗುವುದು ಎಂದು ಬಹುಕಾಲ ನಂಬಿದ್ದೆ. ಆ ನಂಬಿಕೆ ತಪ್ಪೆಂದು ಮನವರಿಕೆಯಾದದ್ದು 2019ರ ಡಿಸೆಂಬರ್ ತಿಂಗಳ ಕೊನೆಯಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ.

ಮೈಸೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ನನ್ನ ಹಳೆಯ ಶಿಷ್ಯರು ಮೂವರು, ಇಬ್ಬರು ಹುಡುಗರು ಒಬ್ಬಳು ಹುಡುಗಿ, ಊರಿಗೆ ಬಂದವರು ನನ್ನನ್ನೂ ನೋಡಿಹೋಗಲು ಬಂದಿದ್ದರು. ಹಿಂದಿನ ದಿನ ಮೈಸೂರಿನಲ್ಲಿ ಅವರು ಒಂದು ಇಂಗ್ಲಿಷ್ ಚಿತ್ರವನ್ನು ನೋಡಿದ್ದರು. ಅದರ ಬಿಸಿ ಇನ್ನೂ ಆರಿರಲಿಲ್ಲ. 'ಸ್ಟಾರ್ ವಾರ್ಸ್' ಎಂಬ ಚಿತ್ರಮಾಲೆಯ ಒಂಬತ್ತನೆಯ ಕಂತು ಅದು. ವಿಜ್ಞಾನದ ಕಲ್ಪನೆಯನ್ನೂ ಅಜ್ಜಿಕಥೆಯ ರಾಜಕುಮಾರಿಯನ್ನೂ ಒಟ್ಟಿಗೆ ಬೆಸೆದು ಅಮೆರಿಕದ ನಿರ್ದೇಶಕ ಜಾರ್ಜ್ ಲೂಕಸ್ 1977ರಲ್ಲಿ ಆರಂಭಿಸಿದ ಮಾಲೆ; 1983ರಲ್ಲಿ ಮುಗಿಯಿತೆನಿಸಿಕೊಂಡು, 1999ರಲ್ಲಿ ಮತ್ತೆ ತಲೆಯೆತ್ತಿ, 2005ರಲ್ಲಿ ಮತ್ತೆ ಮುಗಿದು, 2012ರಲ್ಲಿ ಡಿಸ್ನಿ ಸಂಸ್ಥೆಯ ಕೈಸೇರಿದ ಮೇಲೆ 2015ರಲ್ಲಿ ಮೂರನೆಯ ಸಲ ಹುಟ್ಟಿಬಂದದ್ದು. ಈ ಮೂರನೆಯ ಹುಟ್ಟಿನ ನಾಯಕಿ ರೇ ಎಂಬ ಹುಡುಗಿ. ಮರುಭೂಮಿಯಂಥ ಗ್ರಹವೊಂದರಲ್ಲಿ ತಂದೆತಾಯಿಗಳು ಬಿಟ್ಟುಹೋದ ಕೂಸು; ಮುರಿದ ಯಂತ್ರಗಳ ಚೂರುಗಳನ್ನು ಆಯ್ದು ಮಾರಿ ಹೊಟ್ಟೆ ಹೊರೆಯುವವಳು. ಅಂಥವಳಲ್ಲಿ ಮಹಾವೀರರಿಗೆ ಮಾತ್ರ ಒಲಿಯುವ ಶಕ್ತಿಯೊಂದು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಅವಳು ಯಾರ ಮಗಳು? ನಾಲ್ಕು ವರ್ಷಗಳ ಕಾಲ ಲೋಕದ ಅಭಿಮಾನಿಗಳೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿದ್ದರಂತೆ. ಹಳೆಯ ಚಿತ್ರಗಳ ನಾಯಕನ ಮಗಳೆಂದು ಕೆಲವರು, ಅವನ ಗುರುವಿನ ಮೊಮ್ಮಗಳೆಂದು ಕೆಲವರು, ದುಷ್ಟ ಚಕ್ರವರ್ತಿಯ ವಂಶದವಳೆಂದು ಮತ್ತೆ ಕೆಲವರು. ಅವಳು ಕತ್ತಿ ಹಿಡಿಯುವ ರೀತಿಯಿಂದ, ಅವಳು ತೆರೆಯ ಮೇಲೆ ಬಂದಾಗ ಕೇಳಿಬರುವ ಸಂಗೀತದ ಎಳೆಯಿಂದ, ನಮ್ಮ ಶಾಸನತಜ್ಞರು ಅಕ್ಷರದ ಒಂದೊಂದು ಕೊಂಬನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಪುರಾವೆಗಳನ್ನು ಕಲೆಹಾಕಿದರು. 2017ರ ಚಿತ್ರ ಇವರೆಲ್ಲರ ಮೇಲೆ ತಣ್ಣೀರೆರಚಿತು: ಅವಳ ತಂದೆತಾಯಿಗಳು ಯಾರೂ ಅಲ್ಲ, ಕುಡಿತದ ಕಾಸಿಗೆ ಮಗುವನ್ನು ಮಾರಿದ ಅನಾಮಧೇಯರು ಎಂದುಬಿಟ್ಟಿತು. ಕೆಲವರು ಹಿಗ್ಗಿದರು; ಹಲವರು ತಮಗೆ ಮೋಸವಾಯಿತೆಂದು ಕೆರಳಿದರು. 2019ರ ಚಿತ್ರ ಬಂದು, ಅವಳು ಚಕ್ರವರ್ತಿಯ ಮೊಮ್ಮಗಳೇ ಸರಿ ಎಂದಿತು. ಈಗ ಹಿಗ್ಗಿದ್ದವರು ಕೆರಳಿದರು.

ನಮ್ಮ ಜಗಲಿಯಲ್ಲೂ ಅದೇ ಎರಡು ಪಕ್ಷ. ರಕ್ತದಲ್ಲಿಲ್ಲದೆ ಅಂಥ ಶಕ್ತಿ ಎಲ್ಲಿಂದ ಬರಬೇಕು ಎಂದು ಹುಡುಗರಿಬ್ಬರ ವಾದ. ಯಾರೂ ಅಲ್ಲದವಳೊಬ್ಬಳನ್ನು ನಾಯಕಿಯಾಗಿ ಉಳಿಸುವಷ್ಟು ಧೈರ್ಯ ಕೊನೆಗೂ ಅವರಿಗೆ ಬರಲಿಲ್ಲವಲ್ಲ ಎಂದು ಹುಡುಗಿಯ ಸಂಕಟ. ಕಾಫಿ ಆರಿತು, ಸಂಜೆಯಾಯಿತು. ಚಿತ್ರವನ್ನು ನೋಡದ ನಾನು ಸುಮ್ಮನೆ ಕೇಳುತ್ತಿದ್ದೆ. ನಕ್ಷತ್ರಲೋಕಕ್ಕೆ ಹೋದರೂ ಮನುಷ್ಯ ಕೇಳುವುದು ನಮ್ಮ ಸಂತೆಯ ಪ್ರಶ್ನೆಯನ್ನೇ ಎಂದು ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ತಂದೆತಾಯಿಗಳಿಲ್ಲದ ಹುಡುಗನೊಬ್ಬ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯ ಕಾಡಿನಿಂದ ಎದ್ದುಹೋಗಿ ಲೋಕದ ಬೆಳ್ಳಿತೆರೆಯನ್ನೆಲ್ಲ ಬೆಳಗಿದ್ದನ್ನು ಅವರು ಬಲ್ಲರೋ ಎಂದು ಕೇಳಿದೆ. ಮೂವರಲ್ಲಿ ಒಬ್ಬರಿಗೂ ಸಾಬುವಿನ ಹೆಸರು ಗೊತ್ತಿರಲಿಲ್ಲ. ಆ ರಾತ್ರಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಬು ಹುಟ್ಟಿದ್ದು 1924ನೆಯ ಇಸವಿ ಜನವರಿ 27ರಂದು, ಕಾರಾಪುರದಲ್ಲಿ. ಕಬಿನಿ ಹೊಳೆಯ ದಡದ ಈ ಊರು ಇಂದು ಕಾಡು ನೋಡಲು ಬರುವ ಪ್ರವಾಸಿಗರಿಗೆ ಪರಿಚಿತವಾದದ್ದು. ಆಗ ಅದು ಮೈಸೂರು ಮಹಾರಾಜರ ಬೇಟೆಯ ಬೀಡು. ಕಾಕನಕೋಟೆಯ ಖೆಡ್ಡಾಕ್ಕೆ ನೆರೆಯೂರು. ಮಾಸ್ತಿಯವರ ನಾಟಕವನ್ನು ಓದಿದವರಿಗೆ ಕಾಕನಕೋಟೆ ಕಾಡುಕುರುಬರ ನಾಡಾಗಿ ಗೊತ್ತು. ಹೊರನಾಡಿನವರಿಗೆ ಅದು ಗೊತ್ತಾದದ್ದು ಆನೆ ಹಿಡಿಯುವ ಸಾಹಸದಿಂದ. ಕಾಡಾನೆಗಳ ಹಿಂಡನ್ನು ತಮಟೆ ಬೆಂಕಿಗಳಿಂದ ಬೆದರಿಸಿ, ಹೊಳೆ ದಾಟಿಸಿ, ಮರದ ದಿಮ್ಮಿಗಳ ಕೋಟೆಯೊಳಕ್ಕೆ ನೂಕಿ ಬಾಗಿಲಿಕ್ಕುವುದು ಖೆಡ್ಡಾ. ಆ ಕೋಟೆಯೊಳಗೆ ಪಳಗಿದ ಆನೆಯ ಮೇಲೆ ಕುಳಿತು ಹೋಗಿ, ಕಾಡಾನೆಯ ಕಾಲಿಗೆ ಹಗ್ಗ ಬಿಗಿಸುವವನು ಮಾವುತ. ನೋಡಲು ಬಂದ ದೊರೆಗಳಿಗೆ, ವೈಸರಾಯರಿಗೆ ಅಟ್ಟಣೆಯ ಮೇಲೆ ಆಸನ. ಮಾವುತನಿಗೆ ಕಾಡಾನೆಯ ದಂತದ ಎದುರು ಕೆಲಸ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಆ ಹಳೆಯ ನೆಲವೂ ನೀರಿನೊಳಗಾಯಿತು.

ಸಾಬುವಿನ ತಂದೆ ಇಂಥ ಮಾವುತರಲ್ಲೊಬ್ಬ, ಮಹಾರಾಜರ ಆನೆಗಳ ಊಳಿಗದವನು. ತಾಯಿ ಮಗುವಿನ ಎಳೆತನದಲ್ಲೇ ತೀರಿಕೊಂಡಳು. ಹುಡುಗನಿಗೆ ಆರೇಳು ವರ್ಷವಾದಾಗ ತಂದೆಯೂ ಹೋದ. ಉಳಿದವರು ಅಣ್ಣ ತಮ್ಮ ಇಬ್ಬರು. ಅಣ್ಣನ ಹೆಸರು ಶೇಖ್ ದಸ್ತಗೀರ್. ಚಿಕ್ಕವನು ಮೈಸೂರಿನ ಅರಮನೆಯ ಆನೆಲಾಯ ಸೇರಿದ. ಆನೆಗೆ ಸೊಪ್ಪು ಹಾಕುವುದು, ಮೈ ತಿಕ್ಕುವುದು, ಲದ್ದಿ ಬಳಿಯುವುದು ಅವನ ವಿದ್ಯಾಭ್ಯಾಸ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಹಿಮನಾಡಿನ ಎಸ್ಕಿಮೋ ಸಂಸಾರವೊಂದರ ಬಾಳನ್ನು 1922ರಲ್ಲಿ 'ನಾನೂಕ್' ಚಿತ್ರವಾಗಿ ತೋರಿಸಿ ಸಾಕ್ಷ್ಯಚಿತ್ರಗಳ ಪಿತಾಮಹನೆನಿಸಿಕೊಂಡಿದ್ದವನು ಈತ. ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾನ ಪರವಾಗಿ, ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ, ಮಾವುತನ ಮಗನೊಬ್ಬ ಕಾಡಾನೆಗಳ ನೃತ್ಯವನ್ನು ಕಾಣುವ ಚಿತ್ರವನ್ನು ಮಾಡುವುದು ಅವನ ಉದ್ದೇಶ. ಆನೆ ದೊರಕಿತು, ಮೈಸೂರಿನವರ ಮನಸ್ಸಿನಲ್ಲಿ ದಸರೆಯೊಡನೆ ಬೆಸೆದುಹೋದ ಐರಾವತವೇ ಅದು. ಹುಡುಗ ದೊರಕುವುದು ಕಷ್ಟವಾಯಿತು. ಹಲವರನ್ನು ನೋಡಿ ಬಿಟ್ಟ ಮೇಲೆ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನ ಕಣ್ಣಿಗೆ ಲಾಯದಲ್ಲಿದ್ದ ಸಾಬು ಬಿದ್ದ. ಹುಡುಗನಿಗೆ ಇಂಗ್ಲಿಷ್ ಬಾರದು; ಸಿನಿಮಾ ಎಂದರೇನೆಂಬುದೂ ತಿಳಿಯದು. ಅವನಿಗೆ ತಿಳಿದಿದ್ದುದು ಒಂದೇ: ಆನೆ ಸೊಂಡಿಲು ಚಾಚಿದರೆ ಅದರ ಮೇಲೆ ಕಾಲಿಟ್ಟು ಹೇಗೆ ಏರಬೇಕು, ಕಿವಿಯ ಹಿಂದೆ ಹೆಬ್ಬೆರಳೊತ್ತಿ ಹೇಗೆ ತಿರುಗಿಸಬೇಕು, ಏನು ಹೇಳಿದರೆ ಆ ಬೆಟ್ಟ ಮಂಡಿಯೂರುತ್ತದೆ ಎಂಬುದು. ಕ್ಯಾಮೆರಾ ಹಿಡಿದದ್ದು ಅದನ್ನೇ. ನಟಿಸುವ ಹುಡುಗರು ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದರು. ಐರಾವತದ ಕುತ್ತಿಗೆಯ ಮೇಲೆ ನಿದ್ದೆ ಹೋಗಬಲ್ಲವನು ಅಲ್ಲಿರಲಿಲ್ಲ.

ಮೈಸೂರಿನಲ್ಲಿ ತಿಂಗಳುಗಟ್ಟಲೆ ತೆಗೆದ ಚಿತ್ರಿಕೆಯೊಡನೆ ಹುಡುಗನನ್ನೂ ಅಣ್ಣನನ್ನೂ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆದೊಯ್ದರು. ಕೋರ್ಡಾನ ತಮ್ಮ ಜೋಲ್ತಾನ್ ಅಲ್ಲಿನ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಉಳಿದ ಭಾಗವನ್ನು ಪೂರೈಸಿದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ವೆನಿಸ್ಸಿನ ಉತ್ಸವದಲ್ಲಿ ಫ್ಲಾಹರ್ಟಿ, ಜೋಲ್ತಾನರಿಗೆ ನಿರ್ದೇಶನದ ಬಹುಮಾನವನ್ನು ತಂದಿತು. ಆದರೆ ಜನ ಮುಗಿಬಿದ್ದದ್ದು ಹುಡುಗನನ್ನು ನೋಡಲು. ಹದಿಮೂರು ವರ್ಷದ ಸಾಬು ಲಂಡನ್ನಿನ ಮನೆಮಾತಾದ.

ಅಭಿಮಾನಿಗಳ ಊಹಾಪೋಹ ಅಂದೇ ಆರಂಭವಾಯಿತೆನ್ನಬೇಕು. ಮಾವುತನ ಮಗನೆಂಬ ನಿಜ ಪ್ರಚಾರಕರಿಗೆ ಸಾಲದಾಯಿತು. ಆನೆಯೇ ಅವನ ತೊಟ್ಟಿಲನ್ನು ತೂಗಿತೆಂಬ ಕಥೆ ಹಬ್ಬಿತು. ಹೆಸರಿನ ವಿಷಯದಲ್ಲಿಯೂ ಒಂದು ಗೋಜಲು ಇಂದಿನವರೆಗೆ ಉಳಿದಿದೆ. ಗ್ರಂಥಗಳಲ್ಲಿ ಅವನ ಹೆಸರು ಸಾಬು ದಸ್ತಗೀರ್. ಆದರೆ ದಸ್ತಗೀರ್ ಎಂಬುದು ಅಣ್ಣನ ಹೆಸರು, ಅದು ತಮ್ಮನಿಗೆ ಅಂಟಿಕೊಂಡಿತು, ನಿಜವಾದ ಹೆಸರು ಸೇಲಾರ್ ಶೇಖ್ ಸಾಬು ಎಂದು ಅವನ ಜೀವನವನ್ನು ಶೋಧಿಸಿದವರ ಅಭಿಪ್ರಾಯ. ದಸ್ತಗೀರ್ ಎಂದರೆ ಪಾರಸಿಯಲ್ಲಿ ಕೈಹಿಡಿದು ನಡೆಸುವವನು ಎಂದರ್ಥ. ತಂದೆತಾಯಿಗಳಿಲ್ಲದ ತಮ್ಮನ ಕೈಹಿಡಿದು ಕಡಲು ದಾಟಿದ ಅಣ್ಣನ ಹೆಸರೇ ತಮ್ಮನ ಮನೆತನದ ಹೆಸರಾಗಿ ನಿಂತಿತೆಂದರೆ, ಆ ತಪ್ಪನ್ನು ತಿದ್ದಲು ನನಗೇನೋ ಮನಸ್ಸು ಬಾರದು.

1938ರ 'ದಿ ಡ್ರಂ' ಚಿತ್ರದಲ್ಲಿ ಅವನನ್ನು ಗಡಿನಾಡಿನ ರಾಜಕುಮಾರನನ್ನಾಗಿ ಮಾಡಿದರು. ಬ್ರಿಟಿಷರ ಆಳ್ವಿಕೆಯನ್ನು ಹಾಡಿ ಹೊಗಳುವ ಚಿತ್ರವೆಂದು ಬೊಂಬಾಯಿ ಮದರಾಸುಗಳಲ್ಲಿ ಜನ ಅದರ ವಿರುದ್ಧ ಪ್ರತಿಭಟಿಸಿದರು. ನ್ಯಾಯವಾದ ಕೋಪ, ಆದರೆ ಅದರ ಬಿಸಿ ತಟ್ಟಿದ್ದು ಹದಿನಾಲ್ಕು ವರ್ಷದ ಹುಡುಗನಿಗೂ. ಅವನು ತನ್ನ ನಾಡಿಗೆ ಪರಕೀಯನಾಗತೊಡಗಿದ್ದು ಪ್ರಾಯಶಃ ಅಲ್ಲಿಂದ.

ಸಾಬುವಿನ ಕೀರ್ತಿಯ ಶಿಖರ 1940ರ 'ದಿ ಥೀಫ್ ಆಫ್ ಬಾಗ್ದಾದ್'. ಇದೂ ಒಂದು ಪುನರವತಾರವೇ. 1924ರಲ್ಲಿ, ಸಾಬು ಹುಟ್ಟಿದ ವರ್ಷವೇ, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಇದೇ ಹೆಸರಿನ ಮೂಕಿಚಿತ್ರದಲ್ಲಿ ಕಳ್ಳನಾಗಿ ಮೆರೆದಿದ್ದ. ಆ ಹಳೆಯ ಚಿತ್ರದ ಕಳ್ಳ ಬೀದಿಯ ಮನುಷ್ಯ. ತನ್ನ ಸಾಹಸದಿಂದಲೇ ರಾಜಕುಮಾರಿಯ ಕೈಹಿಡಿಯುತ್ತಾನೆ. ಕೋರ್ಡಾನ ಹೊಸ ಚಿತ್ರದಲ್ಲಿ ಆ ಒಂದು ಪಾತ್ರ ಎರಡಾಗಿ ಸೀಳಿತು. ರಾಜ್ಯ ಕಳೆದುಕೊಂಡ ರಾಜ ಅಹಮದ್ ಒಬ್ಬ, ಬೀದಿಯ ಕಳ್ಳಹುಡುಗ ಅಬು ಇನ್ನೊಬ್ಬ. ಸೀಸೆಯ ಭೂತವನ್ನು ಯುಕ್ತಿಯಿಂದ ಗೆಲ್ಲುವವನು, ಎಲ್ಲವನ್ನೂ ಕಾಣುವ ಕಣ್ಣನ್ನು ವಿಗ್ರಹದ ಹಣೆಯಿಂದ ಕೀಳುವವನು, ಹಾರುವ ಕಂಬಳಿಯ ಮೇಲೆ ಬಂದು ಖಳನನ್ನು ಕೊಲ್ಲುವವನು ಅಬು. ರಾಜಕುಮಾರಿ ದೊರೆಯುವುದು ಅಹಮದನಿಗೆ. ಅಬುವಿಗೆ ಶಾಲೆಯಲ್ಲಿ ಕೂಡಿಸಿ ಓದಿಸುವ, ಮಂತ್ರಿಯಾಗಿಸುವ ಆಶ್ವಾಸನೆ ದೊರೆಯುತ್ತದೆ. ಅವನು ಆ ಕಂಬಳಿಯನ್ನು ಕದ್ದು ಆಕಾಶಕ್ಕೆ ಹಾರಿಬಿಡುತ್ತಾನೆ.

ನನ್ನ ಶಿಷ್ಯೆ ಇಲ್ಲಿ ಮಾತು ತಡೆದಳು. ಮೈಯೆಲ್ಲ ದುಡಿದವನಿಗೆ ಕಂಬಳಿ, ವಂಶವಿದ್ದವನಿಗೆ ರಾಜ್ಯ ಎಂದಾಯಿತಲ್ಲ ಎಂಬುದು ಅವಳ ಆಕ್ಷೇಪ. ಹೌದು, ಹಾಗೆಯೇ ಆಯಿತು. ಆದರೂ ಆ ಚಿತ್ರವನ್ನು ನೋಡಿದವರ ನೆನಪಿನಲ್ಲಿ ಉಳಿಯುವ ಮುಖ ಅಹಮದನದಲ್ಲ. ಕಥೆ ಬರೆದವರು ರಾಜನ ಪಕ್ಷ ವಹಿಸಿದರು. ನೋಡಿದವರು ಕಳ್ಳನ ಪಕ್ಷ ವಹಿಸಿದರು.

ಈ ಚಿತ್ರಕ್ಕೂ ನನ್ನ ಶಿಷ್ಯರು ಅಂದು ವಾದಿಸುತ್ತಿದ್ದ ಚಿತ್ರಕ್ಕೂ ಒಂದು ನೇರವಾದ ನಂಟುಂಟು. ಕಂಬಳಿ ಹಾರುವುದನ್ನೂ ಬೆಟ್ಟದಂಥ ಭೂತದ ಅಂಗೈಯಲ್ಲಿ ಹುಡುಗ ನಿಲ್ಲುವುದನ್ನೂ ತೋರಿಸಲು ಲಾರೆನ್ಸ್ ಬಟ್ಲರ್ ಎಂಬ ತಂತ್ರಜ್ಞ ಒಂದು ಉಪಾಯವನ್ನು ರೂಪಿಸಿದ. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರಿಸುವುದು. ಆಮೇಲೆ ರಾಸಾಯನಿಕ ಕ್ರಮಗಳಿಂದ ಆ ನೀಲಿಯನ್ನು ಮಾತ್ರ ಕಳೆದು, ಬೇರೆಡೆ ಚಿತ್ರಿಸಿದ ಆಕಾಶವನ್ನೋ ಬೆಟ್ಟವನ್ನೋ ಅಲ್ಲಿ ಕೂಡಿಸುವುದು. ಯುದ್ಧ ಬಂದು ಇಂಗ್ಲೆಂಡಿನಲ್ಲಿ ಕೆಲಸ ನಿಂತದ್ದರಿಂದ ಚಿತ್ರವನ್ನು ಅಮೆರಿಕದಲ್ಲಿ ಪೂರೈಸಬೇಕಾಯಿತು. ಛಾಯಾಗ್ರಹಣ, ಕಲೆ, ತಂತ್ರಚಮತ್ಕಾರಗಳಿಗೆಂದು ಅದಕ್ಕೆ ಮೂರು ಆಸ್ಕರ್ ಬಹುಮಾನಗಳು ಬಂದವು. ಮೂವತ್ತೇಳು ವರ್ಷಗಳ ಮೇಲೆ ಲೂಕಸನ ನಕ್ಷತ್ರನೌಕೆಗಳು ಹಾರಿದ್ದು ಇದೇ ನೀಲಿ ಪರದೆಯ ಮುಂದೆ. ಆ ಬಗೆಯ ಆಕಾಶದಲ್ಲಿ ಮೊದಲು ಹಾರಿದವರಲ್ಲಿ ಕಾರಾಪುರದ ಹುಡುಗನೊಬ್ಬನಿದ್ದ ಎಂದಾಗ ಶಿಷ್ಯರು ಮೂವರೂ ಒಮ್ಮೆಗೇ ಸುಮ್ಮನಾದರು.

1942ರಲ್ಲಿ ಜೋಲ್ತಾನ್ ಕೋರ್ಡಾ 'ಜಂಗಲ್ ಬುಕ್' ಚಿತ್ರವನ್ನು ತೆಗೆದ. ಸಾಬು ಅದರಲ್ಲಿ ಮೌಗ್ಲಿ. ತೋಳಗಳು ಸಾಕಿದ ಮಗುವಿನ ಕಥೆ ಇದು. ಇಲ್ಲಿಯೂ ಯಾರ ಮಗನೆಂಬುದೇ ಪ್ರಶ್ನೆ. ಕಾಡು ಕ್ಯಾಲಿಫೋರ್ನಿಯದಲ್ಲಿ ನೆಟ್ಟದ್ದು; ಅದರೊಳಗೆ ನಿಜವಾಗಿ ಕಾಡಿನಂಚಿನಿಂದ ಬಂದದ್ದು ಮೌಗ್ಲಿಯೊಬ್ಬನೇ.

ಆ ಬಳಿಕ ಯೂನಿವರ್ಸಲ್ ಸಂಸ್ಥೆಗೆ ಸೇರಿ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಮುಂತಾದ ಬಣ್ಣಬಣ್ಣದ ಚಿತ್ರಗಳಲ್ಲಿ ಆತ ಕಾಣಿಸಿಕೊಂಡ. ನಾಯಕ ಬೇರೊಬ್ಬ, ಸಾಬು ನಾಯಕನ ಜೊತೆಗಾರ. 1944ರಲ್ಲಿ ಅಮೆರಿಕದ ಪೌರನಾಗಿ ವಾಯುಪಡೆಯನ್ನು ಸೇರಿದ. ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿದು ಕುಳಿತು ಶಾಂತಸಾಗರದ ಮೇಲೆ ಹತ್ತಾರು ಬಾರಿ ಯುದ್ಧಕ್ಕೆ ಹಾರಿದ. ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ಪಡೆದ. ಈ ಸಲ ಹಿಂದೆ ನೀಲಿ ಪರದೆ ಇರಲಿಲ್ಲ.

ಯುದ್ಧ ಮುಗಿದು ಹಿಂದಿರುಗಿದಾಗ ಇಪ್ಪತ್ತೆರಡು ವರ್ಷದ ಗಂಡಸು. ಚಿತ್ರರಂಗಕ್ಕೆ ಬೇಕಾಗಿದ್ದುದು ಹನ್ನೆರಡರ ಹುಡುಗ. 1947ರ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಶ್ರೇಷ್ಠ ಚಿತ್ರದಲ್ಲಿ, ಸನ್ಯಾಸಿನಿಯರ ಬಳಿ ಓದಲು ಬರುವ ಅತ್ತರು ಪೂಸಿಕೊಂಡ ಎಳೆಯ ಜಹಗೀರುದಾರನಾಗಿ ಆತ ತನ್ನ ಕಲೆ ಎಷ್ಟು ಬೆಳೆಯಬಹುದಾಗಿತ್ತೆಂಬುದನ್ನು ತೋರಿಸಿಕೊಟ್ಟ. ಅಂಥ ಪಾತ್ರಗಳು ಮತ್ತೆ ಬಹಳ ಬರಲಿಲ್ಲ. 1948ರಲ್ಲಿ ನಟಿ ಮೆರಿಲಿನ್ ಕೂಪರಳನ್ನು ಮದುವೆಯಾದ, ಇಬ್ಬರು ಮಕ್ಕಳಾದರು. 1952ರಲ್ಲಿ ಇಟಲಿಯ ವಿನೋದಚಿತ್ರವೊಂದರಲ್ಲಿ ನಟಿಸಿದ. ಅದರಲ್ಲಿ ಸಾಬು ಭಾರತದ ಅರಸ. ಡಿ ಸಿಕಾ ರೋಮಿನ ಬಡ ಉಪಾಧ್ಯಾಯ. ತನಗೆ ಊರು ತೋರಿಸಿದ ಉಪಾಧ್ಯಾಯನಿಗೆ ಅರಸ ಆನೆಯೊಂದನ್ನು ಬಳುವಳಿ ಕಳಿಸುತ್ತಾನೆ. ಬಾಡಿಗೆಯ ಮನೆಯ ಬಡವ ಅದನ್ನು ಎಲ್ಲಿ ಕಟ್ಟಬೇಕೆಂದು ಕಂಗಾಲಾಗುತ್ತಾನೆ. ಉಪಾಧ್ಯಾಯರ ಸಂಬಳವನ್ನು ಬಲ್ಲ ನನಗೆ ಆ ಕಥೆ ಪೂರ್ತಿ ವಿನೋದವಾಗಿ ತೋರಲಿಲ್ಲ.

ಸ್ವದೇಶದ ಬಾಗಿಲು ಒಂದೇ ಒಂದು ಸಲ ತೆರೆಯುವಂತೆ ಕಂಡಿತು. ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರದ ಬಿರ್ಜೂ ಪಾತ್ರಕ್ಕೆ ಮೊದಲು ಬಯಸಿದ್ದು ಸಾಬುವನ್ನು. ಆತ ಬೊಂಬಾಯಿಗೆ ಬಂದು ಕಾದ. ಆದರೆ ಈಗ ಆತ ಅಮೆರಿಕದ ಪ್ರಜೆ. ಹುಟ್ಟಿದ ನಾಡಿನಲ್ಲಿ ದುಡಿಯಲು ಪರವಾನಗಿ ದೊರೆಯಲಿಲ್ಲ. ಹಿಂದಿರುಗಿ ಹೋದ. 1957ರಲ್ಲಿ ಆ ಚಿತ್ರ ಬಂದಾಗ ಬಿರ್ಜೂ ಆಗಿದ್ದವರು ಸುನಿಲ್ ದತ್. ಮಾವುತನ ಮಗನಲ್ಲದೆ, ಅರಸನಲ್ಲದೆ, ಕಾಡಿನ ಹುಡುಗನಲ್ಲದೆ, ಬರಿಯ ಒಬ್ಬ ರೈತನ ಮಗನಾಗಿ ನಿಲ್ಲುವ ಅವಕಾಶ ಹಾಗೆ ಕೈತಪ್ಪಿತು.

ಅದರ ಬದಲು ಆತನ ಪಾಲಿಗೆ ಬಂದದ್ದು 1956ರ 'ಜಂಗಲ್ ಹೆಲ್'. ವಿಜ್ಞಾನಕಲ್ಪನೆಯ ಚಿತ್ರವೆಂದೇ ಇದನ್ನು ಕರೆಯುತ್ತಾರೆ. ಭಾರತದ ಕಾಡಿನ ಮೇಲೆ ಹಾರುವ ತಟ್ಟೆಯೊಂದು ಸುಳಿಯುತ್ತದೆ. ವಿಕಿರಣ ಸೂಸುವ ಕಲ್ಲುಗಳನ್ನು ಮುಟ್ಟಿ ಕಾಡುಜನ ಸುಟ್ಟುಕೊಳ್ಳುತ್ತಾರೆ. ಮೂವತ್ತೆರಡು ವರ್ಷದ ಸಾಬು ಇನ್ನೂ ಕಾಡಿನ ಹುಡುಗ. ಆಕಾಶದಿಂದ ಅನ್ಯಲೋಕದವರು ಬಂದಿಳಿದರೂ ಅವನಿಗೆ ಆ ಪಾತ್ರದಿಂದ ಬಿಡುಗಡೆಯಿರಲಿಲ್ಲ. ಮರುವರ್ಷ 'ಸಾಬು ಆಂಡ್ ದ ಮ್ಯಾಜಿಕ್ ರಿಂಗ್' ಬಂತು. ಚಿತ್ರದ ಹೆಸರಿನಲ್ಲಿಯೇ ಆತನ ಹೆಸರು, ಕಥೆ ಮಾತ್ರ ಮತ್ತೆ ಆನೆಲಾಯದ ಹುಡುಗನದೇ.

1960ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಸಾಬುವಿನ ಹೆಸರಿನ ನಕ್ಷತ್ರವೊಂದನ್ನು ಕಲ್ಲಿನಲ್ಲಿ ಕೂರಿಸಿದರು. ಅದೇ ವರ್ಷ, ಕೈಹಿಡಿದು ನಡೆಸಿದ ಅಣ್ಣ ತನ್ನ ಪೀಠೋಪಕರಣದ ಅಂಗಡಿಯಲ್ಲಿ ದರೋಡೆಗಾರರಿಗೆ ಬಲಿಯಾದ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದ ಚಾಟ್ಸ್‌ವರ್ತಿನಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಮೂವತ್ತೊಂಬತ್ತು. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಬಿಡುಗಡೆಯಾದದ್ದು ಸತ್ತ ಮೇಲೆ, 1964ರಲ್ಲಿ. ಅದನ್ನು ತೆಗೆದದ್ದು ಡಿಸ್ನಿ ಸಂಸ್ಥೆ.

ನಟ ಹೋದರೂ ಪಾತ್ರಗಳು ಪುನರ್ಜನ್ಮ ತಾಳುತ್ತ ಬಂದಿವೆ. ಡಿಸ್ನಿಯವರು 1967ರಲ್ಲಿ ಮೌಗ್ಲಿಯನ್ನು ರೇಖಾಚಿತ್ರವಾಗಿಸಿದರು. 2016ರಲ್ಲಿ ಮತ್ತೆ ಮೌಗ್ಲಿ ಬಂದಾಗ ಹುಡುಗನೊಬ್ಬನು ಮಾತ್ರ ನಿಜ. ಕಾಡು, ಆನೆ, ಹುಲಿ ಎಲ್ಲವೂ ಗಣಕಯಂತ್ರಗಳು ಹೆಣೆದವು. 1992ರಲ್ಲಿ ಅವರೇ 'ಅಲಾದ್ದೀನ್' ಚಿತ್ರವನ್ನು ತೆಗೆದಾಗ ಖಳನಿಗೆ ಬಾಗ್ದಾದಿನ ಕಳ್ಳನ ಕಥೆಯಿಂದಲೇ ಜಾಫರ್ ಎಂಬ ಹೆಸರನ್ನು ತಂದರು. ಅಬು ಎಂಬ ಹೆಸರನ್ನೂ ತಂದರು, ಆದರೆ ಅದನ್ನು ಇಟ್ಟದ್ದು ನಾಯಕನ ಹೆಗಲ ಮೇಲಿನ ಕೋತಿಗೆ. ಆ ಚಿತ್ರದ ಅಭಿಮಾನಿಗಳೂ ಊಹೆಯಲ್ಲಿ ಹಿಂದೆ ಬಿದ್ದವರಲ್ಲ. ಮೊದಲಲ್ಲಿ ಬಂದು ಕಥೆ ಹೇಳುವ ವ್ಯಾಪಾರಿಯೇ ದೀಪದ ಭೂತವೆಂದು ಬಹುಕಾಲ ವಾದಿಸಿದರು; 2015ರಲ್ಲಿ ನಿರ್ದೇಶಕರು ಅದು ನಿಜವೆಂದು ಒಪ್ಪಿಕೊಂಡರು. ಭೂತ ಹತ್ತು ಸಾವಿರ ವರ್ಷ ದೀಪದೊಳಗಿದ್ದಿತೆಂಬ ಮಾತನ್ನು ಹಿಡಿದು, ಇಡೀ ಕಥೆ ನಡೆಯುವುದು ನಮ್ಮ ನಾಗರಿಕತೆ ಅಳಿದುಹೋದ ಮುಂದಿನ ಯುಗದಲ್ಲೆಂದು ಸಾಧಿಸಿದವರೂ ಉಂಟು. ಇಷ್ಟೆಲ್ಲವನ್ನು ಅಗೆದು ತೆಗೆದವರಲ್ಲಿ, ಆ ಕೋತಿಯ ಹೆಸರು ಎಲ್ಲಿಂದ ಬಂತೆಂದು ಅಗೆದು ಕಾರಾಪುರದವರೆಗೆ ಬಂದವರು ಎಷ್ಟು ಮಂದಿಯೋ!

ಇಷ್ಟು ಹೇಳಿ ಮುಗಿಸಿದಾಗ ರಾತ್ರಿಯಾಗಿತ್ತು. ನನ್ನ ಶಿಷ್ಯೆಗೆ ಗೆದ್ದ ಹೆಮ್ಮೆ: ಯಾರೂ ಅಲ್ಲದವರ ಮಗನೂ ನಾಯಕನಾಗಬಲ್ಲನೆಂಬುದಕ್ಕೆ ಸಾಬುವೇ ಸಾಕ್ಷಿಯಲ್ಲವೇ ಎಂದಳು. ಅವಳ ಮಾತಿಗೆ ತಲೆದೂಗಬೇಕೆಂದುಕೊಂಡೆ, ಆಗಲಿಲ್ಲ. ನನಗೆ ಬೇರೊಬ್ಬ ಹುಡುಗನ ನೆನಪಾಯಿತು. ಅದನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ಕಾಡಿನಂಚಿನ ಒಂದು ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ. ತರಗತಿಯಲ್ಲಿ ಮಾವುತನ ಮಗನೊಬ್ಬನಿದ್ದ. ದಸರೆಯ ಆನೆಗಳೊಡನೆ ತಂದೆ ಮೈಸೂರಿಗೆ ಹೋಗುವಾಗ ಮನೆಮಂದಿಯೆಲ್ಲ ಹೋಗುತ್ತಿದ್ದರು. ಹುಡುಗ ತಿಂಗಳಿಗೂ ಮೀರಿ ಶಾಲೆ ತಪ್ಪಿಸುತ್ತಿದ್ದ. ಒಂದು ವರ್ಷ ಹಿಂದಿರುಗಿ ಬಂದವನನ್ನು ಎಲ್ಲರೆದುರು ನಿಲ್ಲಿಸಿ ಭಿನ್ನರಾಶಿಯ ಲೆಕ್ಕ ಕೇಳಿದೆ. ಬರಲಿಲ್ಲ. ಯಾರ ಮಗನೆಂದು ಕೇಳಿದೆ, ಗೊತ್ತಿದ್ದೂ ಕೇಳಿದೆ. ಹೇಳಿದ. ಮಾವುತನ ಮಗ ಮಾವುತನೇ ಆಗುವವನು, ಅವನಿಗೆ ಭಿನ್ನರಾಶಿ ಏತಕ್ಕೆ ಎಂದುಬಿಟ್ಟೆ. ತರಗತಿ ನಕ್ಕಿತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಹಿಂಡಿನಲ್ಲಿ ಯಾವ ಆನೆಗೆ ಎಷ್ಟು ಭತ್ತ, ಎಷ್ಟು ಬೆಲ್ಲ, ಎಷ್ಟು ಹುಲ್ಲು ಎಂಬುದನ್ನು ಅವನು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದನೆಂದು ನನಗೆ ತಿಳಿದದ್ದು ಆಮೇಲೆ, ಬೇರೆಯವರಿಂದ. ಅದೇ ಭಿನ್ನರಾಶಿ, ನಾನು ಅದನ್ನು ಅಲ್ಲಿಂದ ಆರಂಭಿಸಬಹುದಾಗಿತ್ತು.

ಆದ್ದರಿಂದ ಶಿಷ್ಯೆಗೆ ನಾನು ಹೇಳಿದ್ದು ಇಷ್ಟು. ಚಿತ್ರದವರು ಕೊಟ್ಟ ಎರಡು ಉತ್ತರಗಳಲ್ಲಿ ಒಂದೂ ನಮ್ಮ ಸಾಬುವಿಗೆ ಒಪ್ಪುವುದಿಲ್ಲ. ಚಕ್ರವರ್ತಿಯ ರಕ್ತ ಅವನಲ್ಲಿರಲಿಲ್ಲ, ನಿಜ. ಆದರೆ ಅವನು ಯಾರೂ ಅಲ್ಲದವರ ಮಗನೂ ಅಲ್ಲ. ಅರಸು ಮನೆತನದವರನ್ನು ಬಿಟ್ಟರೆ ಉಳಿದವರೆಲ್ಲ ಯಾರೂ ಅಲ್ಲವೆಂದು ಎರಡು ಪಕ್ಷದವರೂ ಒಪ್ಪಿಕೊಂಡೇ ಜಗಳವಾಡುತ್ತಿದ್ದಾರೆ. ಈ ಎರಡರ ನಡುವೆ ಮಾವುತನೊಬ್ಬನಿದ್ದಾನೆ. ಕಾಡಾನೆಯ ಕಾಲಿಗೆ ಹಗ್ಗ ಬಿಗಿಸುವ ವಿದ್ಯೆ ಅವನದು. ಅದನ್ನು ಅವನು ತನ್ನ ತಂದೆಯಿಂದ ಕಲಿತ. ಮಗನಿಗೆ ಆರೇಳು ವರ್ಷವಾಗುವುದರೊಳಗೆ ಕಲಿಸಿ ಹೋದ. ಫ್ಲಾಹರ್ಟಿಯ ಕ್ಯಾಮೆರಾ ಮೆಚ್ಚಿದ್ದು, ಲಂಡನ್ನು ಮುಗಿಬಿದ್ದು ನೋಡಿದ್ದು ಆ ಕಲಿತ ಮೈಯನ್ನು. ಅಲ್ಲಿ ತೆರೆಯ ಮೇಲೆ ಸತ್ತ ತಂದೆಯೊಬ್ಬನಿದ್ದ. ಯಾರೂ ಅವನ ಹೆಸರು ಕೇಳಲಿಲ್ಲ. ಚಿತ್ರರಂಗ ಮಾಡಿದ ತಪ್ಪು ಸಾಬುವನ್ನು ಮಾವುತನ ಮಗನೆಂದು ಕರೆದದ್ದಲ್ಲ. ಅಷ್ಟಕ್ಕೇ ಅವನನ್ನು ನಿಲ್ಲಿಸಿದ್ದು. ನನ್ನ ತಪ್ಪೂ ಅದೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಯಾರ ಮಗನೆಂದು ಕೇಳುವುದೇ ತಪ್ಪೇ ಎಂದು ಕೇಳಿದಳು. ತಪ್ಪಲ್ಲವೆಂದೆ. ಉತ್ತರ ಬಂದ ಮೇಲೆ ಮಾತು ಮುಗಿಸುವುದು ತಪ್ಪು. ಮಾತು ಅಲ್ಲಿಂದ ಮೊದಲಾಗಬೇಕು.

ಈಗಲೂ ವರ್ಷಕ್ಕೊಮ್ಮೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರೆಯ ಗಜಪಯಣ ಹೊರಡುತ್ತದೆ. ಆನೆಗಳ ಹಿಂದೆ ಮಾವುತರ, ಕಾವಾಡಿಗಳ ಸಂಸಾರಗಳೂ ಹೊರಡುತ್ತವೆ. ಮೈಸೂರಿನ ಅರಮನೆಯ ಆವರಣದಲ್ಲಿ ಅವರ ಮಕ್ಕಳಿಗೆಂದು ತಾತ್ಕಾಲಿಕವಾದ ಶಾಲೆಯನ್ನು ನಡೆಸುವ ಏರ್ಪಾಡು ಬಂದಿದೆ; ನನ್ನ ಕಾಲದಲ್ಲಿ ಅದಿದ್ದರೆ ನನ್ನ ನಾಲಗೆಯಿಂದ ಒಂದು ಮಾತು ಉಳಿಯುತ್ತಿತ್ತು. ಮರುವರ್ಷ ಅಲ್ಲಿಗೆ ಹೋಗಿ ಒಂದು ದಿನ ಪಾಠ ಹೇಳುವುದಾಗಿ ನನ್ನ ಶಿಷ್ಯೆ ಅಂದು ಹೊರಡುವಾಗ ಹೇಳಿದಳು. ಮರುವರ್ಷ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳೇ ಮುಚ್ಚಿದವು. ಅದರಾಚೆಯ ವರ್ಷಗಳಲ್ಲಿ ಒಮ್ಮೆ ಅವಳು ಹೋಗಿಬಂದಳು. ಆನೆಯ ಮೇವಿನ ಲೆಕ್ಕದಿಂದ ಭಿನ್ನರಾಶಿಯನ್ನು ಆರಂಭಿಸಿದಳಂತೆ. ಮಕ್ಕಳು ಅವಳ ತಪ್ಪನ್ನೇ ತಿದ್ದಿದರೆಂದು ನಗುತ್ತ ನನಗೆ ತಿಳಿಸಿದಳು.